ಚರ್ಮದ ಕ್ಯಾನ್ಸರ್ ಕರುಳನ್ನು ಕಟ್ಟಿದಾಗ: ಹಳೆಯ ಮಚ್ಚೆಯ ವಿಷಯ ವೈದ್ಯರಿಗೆ ತಿಳಿಸಿ

ಚರ್ಮದ ಮೇಲೆ ಹುಟ್ಟಿದ ಕ್ಯಾನ್ಸರ್ ಹೊಟ್ಟೆಯೊಳಗಿನ ಕರುಳನ್ನು ಕಟ್ಟಿಹಾಕಬಲ್ಲದು ಎಂದರೆ ನಂಬುವುದು ಕಷ್ಟ. ಚರ್ಮಕ್ಕೂ ಕರುಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಮಟ್ಟಿಗೆ ಈ ಸಂಬಂಧ ವೈದ್ಯಲೋಕಕ್ಕೆ ಬಹುಕಾಲದಿಂದ ಪರಿಚಿತ. ದೇಹದ ಬೇರೆ ಭಾಗದಲ್ಲಿ ಹುಟ್ಟಿ ಸಣ್ಣ ಕರುಳಿಗೆ ಹರಡುವ ಕ್ಯಾನ್ಸರ್‌ಗಳಲ್ಲಿ ಮೆಲನೋಮಾದ ಹೆಸರು ಮುಂಚೂಣಿಯಲ್ಲಿದೆ.

ಎಂದೋ ಒಂದು ದಿನ ಕಾಲಿನ ಅಥವಾ ಬೆನ್ನಿನ ಕಪ್ಪು ಮಚ್ಚೆಯನ್ನು ಕತ್ತರಿಸಿ ತೆಗೆಸಿಕೊಂಡ ವ್ಯಕ್ತಿಗೆ ವರ್ಷಗಳ ನಂತರ ಹೊಟ್ಟೆನೋವು ಆರಂಭವಾಗುತ್ತದೆ. ರಕ್ತಹೀನತೆ ಕಾಣಿಸುತ್ತದೆ. ಕೊನೆಗೆ ವಾಂತಿ, ಹೊಟ್ಟೆಯುಬ್ಬರದೊಡನೆ ಕರುಳಿನ ಅಡಚಣೆ ಎದುರಾಗುತ್ತದೆ. ಹಳೆಯ ಮಚ್ಚೆಯ ವಿಚಾರವನ್ನು ರೋಗಿ ಹೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಇದರಿಂದ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುವುದುಂಟು. ಚಿಕಿತ್ಸೆಯ ದಾರಿಗಳು ಹೆಚ್ಚಿರುವ ಇಂದಿನ ಕಾಲದಲ್ಲಿ ಆ ತಿಂಗಳುಗಳ ಬೆಲೆಯೂ ಹೆಚ್ಚಿದೆ.

ಯಾವ ಚರ್ಮದ ಕ್ಯಾನ್ಸರ್?

ಚರ್ಮದ ಕ್ಯಾನ್ಸರ್‌ಗಳೆಲ್ಲವೂ ಒಂದೇ ಸ್ವಭಾವದವಲ್ಲ. ಚರ್ಮದ ಮೇಲ್ಪದರದ ತಳದ ಕೋಶಗಳಲ್ಲಿ ಹುಟ್ಟುವ ಬೇಸಲ್ ಸೆಲ್ ಕ್ಯಾನ್ಸರ್ ಇದ್ದ ಜಾಗದಲ್ಲೇ ನಿಧಾನವಾಗಿ ಬೆಳೆಯುತ್ತದೆ. ದೂರದ ಅಂಗಗಳಿಗೆ ಹರಡುವುದು ತೀರ ಅಪರೂಪ. ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಹರಡಬಲ್ಲದಾದರೂ ಬಹುಪಾಲು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುತ್ತದೆ. ಇವೆರಡಕ್ಕಿಂತ ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಅಪಾಯದಲ್ಲಿ ಮುಂದಿರುವುದು ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಮೆಲನೋಸೈಟ್ ಕೋಶಗಳಲ್ಲಿ ಇದು ಹುಟ್ಟುತ್ತದೆ.

ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಅವರೇ ಈ ಕಪ್ಪು ಗಡ್ಡೆಗಳನ್ನು 19ನೇ ಶತಮಾನದ ಆರಂಭದಲ್ಲಿ ಪ್ರತ್ಯೇಕ ರೋಗವೆಂದು ವಿವರಿಸಿದವರು. 'ಕಪ್ಪು' ಎಂಬರ್ಥದ ಗ್ರೀಕ್ ಪದದಿಂದ ಈ ಕಾಯಿಲೆಗೆ ಹೆಸರು ಬಂದಿದೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ 30 ಸಾವಿರ ಮಂದಿಗೆ ಹೊಸದಾಗಿ ಮೆಲನೋಮಾ ಪತ್ತೆಯಾಯಿತು. ಸುಮಾರು 59 ಸಾವಿರ ಮಂದಿ ಅದಕ್ಕೆ ಬಲಿಯಾದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ಇದರ ಪ್ರಮಾಣ ಅತಿ ಹೆಚ್ಚು. ಬಿಳಿಯ ತ್ವಚೆ ಮತ್ತು ತೀಕ್ಷ್ಣ ಬಿಸಿಲು ಇದಕ್ಕೆ ಮುಖ್ಯ ಕಾರಣ.

ಭಾರತೀಯರಲ್ಲಿ ಮೆಲನೋಮಾ ಅಪರೂಪ. ಕಂದು ಮತ್ತು ಕಪ್ಪು ತ್ವಚೆಯಲ್ಲಿ ಹೇರಳವಾಗಿರುವ ಮೆಲನಿನ್ ಸೂರ್ಯನ ಅತಿನೇರಳೆ ಕಿರಣಗಳಿಂದ ತಕ್ಕಮಟ್ಟಿಗೆ ರಕ್ಷಣೆ ಕೊಡುತ್ತದೆ. ಆದರೆ ಈ ರಕ್ಷಣೆಯ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ನಮ್ಮವರಲ್ಲಿ ಮೆಲನೋಮಾ ಬಂದರೆ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ಬೀಳದ ಜಾಗಗಳಲ್ಲಿ: ಅಂಗಾಲು, ಅಂಗೈ, ಉಗುರಿನ ಅಡಿ, ಬಾಯಿಯ ಒಳಪೊರೆ, ಗುದದ್ವಾರದ ಸುತ್ತಮುತ್ತ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆ ಅವರಿಗೆ 1977ರಲ್ಲಿ ಪತ್ತೆಯಾದದ್ದು ಇದೇ ಬಗೆಯ, ಕಾಲ್ಬೆರಳಿನ ಉಗುರಿನ ಅಡಿಯ ಮೆಲನೋಮಾ. ಅದು ದೇಹದ ಇತರ ಅಂಗಗಳಿಗೆ ಹರಡಿ 1981ರ ಮೇ ತಿಂಗಳಲ್ಲಿ, ಕೇವಲ 36ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಕರುಳಿಗೇ ಏಕೆ?

ಮೆಲನೋಮಾ ಚರ್ಮದ ಮೇಲ್ಪದರದಲ್ಲಷ್ಟೇ ಇರುವಾಗ ಅದಕ್ಕೆ ಹರಡುವ ದಾರಿ ಇರುವುದಿಲ್ಲ. ಕೆಳಗಿನ ಪದರಕ್ಕೆ ಇಳಿದಾಗ ಅಲ್ಲಿರುವ ದುಗ್ಧನಾಳಗಳು ಮತ್ತು ರಕ್ತನಾಳಗಳು ಅದಕ್ಕೆ ಸಿಗುತ್ತವೆ. ದುಗ್ಧನಾಳದ ಮೂಲಕ ಕ್ಯಾನ್ಸರ್ ಕೋಶಗಳು ಮೊದಲು ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯ ಗ್ರಂಥಿಗಳನ್ನು ಸೇರುತ್ತವೆ. ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಮಿದುಳು, ಮೂಳೆಗಳನ್ನು ತಲುಪುತ್ತವೆ. ಕರುಳು ಕೂಡ ಈ ಪಟ್ಟಿಯಲ್ಲಿದೆ. ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟಂತೆ, ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ ರೋಗಿಯ ಭವಿಷ್ಯ ಬಹುಮಟ್ಟಿಗೆ ನಿಂತಿದೆ. ಇಂದಿಗೂ ಮೆಲನೋಮಾದ ಹಂತವನ್ನು ನಿರ್ಧರಿಸುವಲ್ಲಿ ಈ ಅಳತೆ ಮುಖ್ಯವಾದದ್ದು.

ರಕ್ತ ಎಲ್ಲ ಅಂಗಗಳಿಗೂ ಹರಿಯುತ್ತದೆ. ಹಾಗಿದ್ದರೂ ಕ್ಯಾನ್ಸರ್ ಕೆಲವು ಅಂಗಗಳನ್ನೇ ಆಯ್ದುಕೊಳ್ಳುವುದೇಕೆ? ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಕ್ಯಾನ್ಸರ್ ಕೋಶ ಬೀಜವಿದ್ದಂತೆ, ಅಂಗ ಮಣ್ಣಿದ್ದಂತೆ. ಗಾಳಿಯಲ್ಲಿ ಬೀಜ ಎಲ್ಲೆಡೆಗೂ ತೂರಿಹೋದರೂ ಒಗ್ಗಿದ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂಬುದು ಅದರ ಸಾರ. ಸಣ್ಣ ಕರುಳು ಮೆಲನೋಮಾಗೆ ಒಗ್ಗುವ ಮಣ್ಣೇಕೆ ಎಂಬುದಕ್ಕೆ ಈಚಿನ ಸಂಶೋಧನೆಗಳು ಒಂದು ಸುಳಿವು ನೀಡಿವೆ. ಸಣ್ಣ ಕರುಳಿನ ಒಳಪೊರೆ ಒಂದು ಬಗೆಯ ರಾಸಾಯನಿಕ ಸಂಕೇತವನ್ನು ಹೊರಸೂಸಿ ರೋಗನಿರೋಧಕ ಕೋಶಗಳನ್ನು ತನ್ನತ್ತ ಕರೆಯುತ್ತದೆ. ಕೆಲವು ಮೆಲನೋಮಾ ಕೋಶಗಳ ಮೇಲ್ಮೈಯಲ್ಲೂ ಆ ಸಂಕೇತವನ್ನು ಗುರುತಿಸುವ ಗ್ರಾಹಕಗಳಿರುವುದು ಕಂಡುಬಂದಿದೆ. ಕಾವಲುಗಾರನಿಗೆ ಕೊಟ್ಟ ಕರೆಗೆ ಕಳ್ಳನೂ ಓಗೊಟ್ಟು ಒಳನುಗ್ಗಿದಂತೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಇಲ್ಲೊಂದು ವಿಚಿತ್ರ ಅಂತರವನ್ನು ಗಮನಿಸಬೇಕು. ಮೆಲನೋಮಾದಿಂದ ಮೃತಪಟ್ಟವರ ಮರಣೋತ್ತರ ಪರೀಕ್ಷೆಗಳಲ್ಲಿ ಶೇ. 60ರವರೆಗೂ ಜಠರ ಮತ್ತು ಕರುಳಿನ ಭಾಗಕ್ಕೆ ರೋಗ ಹರಡಿದ್ದು ಕಂಡುಬಂದಿದೆ. ಆದರೆ ಬದುಕಿರುವಾಗಲೇ ಇದು ಪತ್ತೆಯಾಗುವುದು ಶೇ. 5ಕ್ಕಿಂತ ಕಡಿಮೆ ರೋಗಿಗಳಲ್ಲಿ. ಅಂದರೆ ಬಹುಪಾಲು ಸಂದರ್ಭಗಳಲ್ಲಿ ಕರುಳಿನ ಗಡ್ಡೆ ಸದ್ದಿಲ್ಲದೆ ಇರುತ್ತದೆ, ಇಲ್ಲವೇ ಸದ್ದು ಮಾಡಿದರೂ ಯಾರೂ ಅದರ ಮೂಲವನ್ನು ಗುರುತಿಸಿರುವುದಿಲ್ಲ.

ಚರ್ಮದ ಗಡ್ಡೆ ತೆಗೆಸಿದ ಮೇಲೆ ಕರುಳಿನಲ್ಲಿ ರೋಗ ಕಾಣಿಸಿಕೊಳ್ಳಲು ಕೆಲವು ತಿಂಗಳುಗಳಿಂದ ಹಿಡಿದು ದಶಕಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಕೆಲವರಲ್ಲಿ ಚರ್ಮದ ಮೂಲ ಗಡ್ಡೆ ಪತ್ತೆಯಾಗುವುದೇ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಅಳಿಸಿಹಾಕಿರಬಹುದು ಎಂಬುದು ತಜ್ಞರು ನೀಡುವ ಒಂದು ವಿವರಣೆ.

ಅಡಚಣೆ ಹೇಗಾಗುತ್ತದೆ?

ವಯಸ್ಕರ ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ನಾವು ತಿಂದು ಕುಡಿದದ್ದು, ಅದರ ಜೊತೆಗೆ ಜೊಲ್ಲು, ಜಠರರಸ, ಪಿತ್ತರಸ ಮುಂತಾದವು ಸೇರಿ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಈ ಕೊಳವೆಯನ್ನು ಪ್ರವೇಶಿಸುತ್ತದೆ. ಅದರಲ್ಲಿ ಬಹುಪಾಲನ್ನು ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ಈ ಹರಿವಿಗೆ ಮೆಲನೋಮಾ ನಾಲ್ಕು ಬಗೆಯಲ್ಲಿ ಅಡ್ಡಿಯಾಗಬಹುದು.

ಒಂದು, ಗಡ್ಡೆ ಕರುಳಿನ ಒಳಮುಖಕ್ಕೆ ಅಣಬೆಯಂತೆ ಬೆಳೆದು ದಾರಿಯನ್ನೇ ಮುಚ್ಚುವುದು. ಎರಡು, ಕರುಳಿನ ಗೋಡೆಯೊಳಗೆ ಹಬ್ಬಿ ಅದನ್ನು ದಪ್ಪವಾಗಿಸಿ ಕಿರಿದು ಮಾಡುವುದು. ಮೂರು, ಕರುಳನ್ನು ಹಿಡಿದಿಟ್ಟಿರುವ ಪೊರೆಯಲ್ಲಿ ಬೆಳೆದ ಗಡ್ಡೆ ಹೊರಗಿನಿಂದ ಒತ್ತುವುದು ಅಥವಾ ಕರುಳನ್ನು ಮಡಚಿಬಿಡುವುದು.

ನಾಲ್ಕನೆಯದು ಹೆಚ್ಚು ಕುತೂಹಲಕಾರಿ. ಕರುಳು ಆಹಾರವನ್ನು ಅಲೆಯಲೆಯಾಗಿ ಮುಂದಕ್ಕೆ ದೂಡುತ್ತಿರುತ್ತದೆ. ಒಳಗೆ ಜೋತುಬಿದ್ದ ಗಡ್ಡೆಯನ್ನೂ ಅದು ಆಹಾರದ ತುಣುಕೆಂದೇ ಭಾವಿಸಿ ದೂಡುತ್ತದೆ. ಗಡ್ಡೆ ಮುಂದೆ ಸಾಗುವಾಗ ತಾನು ಅಂಟಿಕೊಂಡ ಕರುಳಿನ ಭಾಗವನ್ನೂ ಎಳೆದುಕೊಂಡು ಹೋಗಿ ಮುಂದಿನ ಭಾಗದೊಳಗೆ ತೂರಿಸುತ್ತದೆ. ಅಂಗಿಯ ತೋಳು ಅರ್ಧ ಮಗುಚಿ ತನ್ನೊಳಗೇ ಸೇರಿಕೊಂಡಂತೆ ಕರುಳಿನೊಳಗೆ ಕರುಳು ಸೇರಿಕೊಳ್ಳುತ್ತದೆ. ಇದನ್ನು ವೈದ್ಯರು ಇಂಟಸಸೆಪ್ಷನ್ ಎನ್ನುತ್ತಾರೆ. ಇದು ಮುಖ್ಯವಾಗಿ ಹಸುಗೂಸುಗಳ ಕಾಯಿಲೆ. ಅವುಗಳಲ್ಲಿ ಬಹುಪಾಲು ಗಡ್ಡೆಯಂಥ ಕಾರಣವೇನೂ ಸಿಗುವುದಿಲ್ಲ. ಒಟ್ಟು ಪ್ರಕರಣಗಳಲ್ಲಿ ವಯಸ್ಕರ ಪಾಲು ಶೇ. 5ರಷ್ಟು ಮಾತ್ರ. ಆದರೆ ವಯಸ್ಕರಲ್ಲಿ ಹೀಗಾದಾಗ ಬಹುತೇಕ ಯಾವುದೋ ಗಡ್ಡೆಯೋ ದೋಷವೋ ಹಿಂದಿರುತ್ತದೆ. ಆದ್ದರಿಂದಲೇ ದೊಡ್ಡವರಲ್ಲಿ ಕರುಳು ಹೀಗೆ ಸಿಕ್ಕಿಹಾಕಿಕೊಂಡರೆ ಅದನ್ನು ಬಿಡಿಸಿ ಸುಮ್ಮನಾಗದೆ ಕಾರಣವನ್ನು ಹುಡುಕಲಾಗುತ್ತದೆ.

ಅಡಚಣೆಯಾದ ಜಾಗದ ಹಿಂದೆ ದ್ರವ ಮತ್ತು ಗಾಳಿ ತುಂಬಿಕೊಂಡು ಕರುಳು ಊದುತ್ತದೆ. ವಾಂತಿಯಿಂದ ದೇಹದ ನೀರು ಮತ್ತು ಲವಣಾಂಶ ನಷ್ಟವಾಗುತ್ತದೆ. ಒತ್ತಡ ಹೆಚ್ಚಿ ರಕ್ತಸಂಚಾರ ನಿಂತರೆ ಕರುಳಿನ ಆ ಭಾಗ ಕೊಳೆಯಬಹುದು, ತೂತು ಬೀಳಬಹುದು. ಹೊಟ್ಟೆಯೊಳಗೆ ಸೋಂಕು ಹರಡಿ ಜೀವಕ್ಕೇ ಕುತ್ತು ಬರಬಹುದು.

ಎರಡು ಮುಖದ ಲಕ್ಷಣಗಳು

ಈ ಕಾಯಿಲೆಯ ಲಕ್ಷಣಗಳಲ್ಲಿ ನಿಧಾನದ ಮುಖವೊಂದು, ತುರ್ತಿನ ಮುಖವೊಂದು. ನಿಧಾನದ ಮುಖ ಮೋಸಗೊಳಿಸುವಂಥದ್ದು. ಊಟದ ನಂತರ ಬಂದು ಹೋಗುವ ಹೊಟ್ಟೆ ಹಿಂಡುವಿಕೆ, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕಾರಣ ತಿಳಿಯದ ಸುಸ್ತು. ಕರುಳಿನ ಗಡ್ಡೆಯ ಮೇಲ್ಮೈ ಹುಣ್ಣಾಗಿ ದಿನವೂ ತುಸು ತುಸುವೇ ರಕ್ತ ಒಸರುತ್ತದೆ. ಅದು ಕಣ್ಣಿಗೆ ಬೀಳದೆ ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಾಗಿ ಕಾಣಿಸುತ್ತದೆ. ರಕ್ತಸ್ರಾವ ಹೆಚ್ಚಿದ್ದರೆ ಮಲ ಟಾರಿನಂತೆ ಕಪ್ಪಾಗುತ್ತದೆ. ಕಬ್ಬಿಣದ ಮಾತ್ರೆ ನುಂಗುತ್ತಾ ಹೋದರೂ ರಕ್ತದ ಪ್ರಮಾಣ ಮತ್ತೆ ಮತ್ತೆ ಕುಸಿಯುತ್ತಿದ್ದರೆ ಅದನ್ನು ಅಲಕ್ಷಿಸಬಾರದು.

ತುರ್ತಿನ ಮುಖ ಸ್ಪಷ್ಟ. ಅಲೆಯಂತೆ ಬಂದು ಹಿಂಡುವ ಹೊಟ್ಟೆನೋವು, ಹಸಿರು ಅಥವಾ ದುರ್ವಾಸನೆಯ ವಾಂತಿ, ಹೊಟ್ಟೆಯುಬ್ಬರ, ಮಲವಾಗಲೀ ವಾಯುವಾಗಲೀ ಹೊರಹೋಗದಿರುವುದು. ನೋವು ಬಿಡದೆ ಒಂದೇ ಸಮನಾದರೆ, ಜ್ವರ ಬಂದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ ಅಪಾಯ ಇನ್ನೂ ಹೆಚ್ಚು. ಇಂಥ ಸ್ಥಿತಿಯಲ್ಲಿ ಮನೆಮದ್ದು, ಭೇದಿಯ ಔಷಧ, ಹರಳೆಣ್ಣೆ ಕೊಡುವುದು ಸಲ್ಲದು. ಕಟ್ಟಿದ ಕರುಳಿನ ಮೇಲೆ ಭೇದಿಯ ಔಷಧ ಒತ್ತಡವನ್ನು ಹೆಚ್ಚಿಸುತ್ತದೆ. ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು.

ಪತ್ತೆ ತಡವಾಗುವುದೇಕೆ?

ಸಣ್ಣ ಕರುಳಿನ ಅಡಚಣೆಗೆ ಸಾಮಾನ್ಯ ಕಾರಣಗಳೇ ಬೇರೆ. ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು, ಹರ್ನಿಯಾ, ನಮ್ಮ ದೇಶದಲ್ಲಿ ಇವುಗಳ ಜೊತೆಗೆ ಕರುಳಿನ ಕ್ಷಯ. ವೈದ್ಯರು ಮೊದಲು ಇವುಗಳನ್ನೇ ಯೋಚಿಸುವುದು ಸಹಜ. ತೂಕ ಇಳಿಕೆ, ರಕ್ತಹೀನತೆ, ಹೊಟ್ಟೆನೋವು ಮೂರೂ ಇರುವ ರೋಗಿಯಲ್ಲಿ ಕ್ಷಯದ ಸಂಶಯ ಬರುವುದು ತಪ್ಪೂ ಅಲ್ಲ. ಮೆಲನೋಮಾದ ಹಿನ್ನೆಲೆ ತಿಳಿದಿದ್ದರೆ ಮಾತ್ರ ಯೋಚನೆಯ ದಿಕ್ಕು ಬದಲಾಗುತ್ತದೆ.

ಪರೀಕ್ಷೆಗಳಿಗೂ ಮಿತಿಯಿದೆ. ಬಾಯಿಯ ಮೂಲಕ ಮಾಡುವ ಎಂಡೋಸ್ಕೋಪಿ ಜಠರವನ್ನು ದಾಟಿ ಸಣ್ಣ ಕರುಳಿನ ಆರಂಭದವರೆಗೆ ಮಾತ್ರ ಹೋಗುತ್ತದೆ. ಗುದದ್ವಾರದ ಮೂಲಕ ಮಾಡುವ ಕೊಲೊನೋಸ್ಕೋಪಿ ದೊಡ್ಡ ಕರುಳನ್ನು ಮತ್ತು ಸಣ್ಣ ಕರುಳಿನ ಕೊನೆಯ ತುದಿಯನ್ನು ಮಾತ್ರ ನೋಡುತ್ತದೆ. ನಡುವಿನ ಹಲವು ಮೀಟರ್‌ಗಳು ಎರಡಕ್ಕೂ ನಿಲುಕುವುದಿಲ್ಲ. ಎರಡೂ ವರದಿಗಳು ಸರಿಯಾಗಿವೆ ಎಂದಾಕ್ಷಣ ಕರುಳು ಪೂರ್ತಿ ಆರೋಗ್ಯವಾಗಿದೆ ಎಂದು ಅರ್ಥವಲ್ಲ.

ಅಡಚಣೆಯ ಸಂಶಯವಿದ್ದಾಗ ಮುಖ್ಯ ಪರೀಕ್ಷೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್. ಕರುಳಿನೊಳಗೆ ಕರುಳು ಸೇರಿಕೊಂಡಿದ್ದರೆ ಅಡ್ಡಸೀಳಿನ ಚಿತ್ರದಲ್ಲಿ ಗುರಿಹಲಗೆಯಂತೆ ವೃತ್ತದೊಳಗೆ ವೃತ್ತ ಕಾಣುತ್ತದೆ. ದೇಹದ ಬೇರೆಡೆ ರೋಗ ಎಷ್ಟು ಹರಡಿದೆ ಎಂದು ತಿಳಿಯಲು ಪೆಟ್ ಸ್ಕ್ಯಾನ್ ನೆರವಾಗುತ್ತದೆ. ಮಾತ್ರೆಯಂತೆ ನುಂಗುವ ಪುಟ್ಟ ಕ್ಯಾಮೆರಾ, ಅಂದರೆ ಕ್ಯಾಪ್ಸೂಲ್ ಎಂಡೋಸ್ಕೋಪಿ, ಸಣ್ಣ ಕರುಳಿನ ಉದ್ದಕ್ಕೂ ಚಿತ್ರ ತೆಗೆಯಬಲ್ಲದು. ಆದರೆ ಕರುಳು ಕಿರಿದಾಗಿರುವ ಸಂಶಯವಿದ್ದರೆ ಆ ಕ್ಯಾಪ್ಸೂಲೇ ಸಿಕ್ಕಿಹಾಕಿಕೊಂಡು ಪೂರ್ಣ ಅಡಚಣೆ ಉಂಟುಮಾಡಬಹುದಾದ್ದರಿಂದ ಎಚ್ಚರ ಅಗತ್ಯ.

ಅಂತಿಮ ನಿರ್ಣಯ ಸೂಕ್ಷ್ಮದರ್ಶಕದ ಅಡಿಯಲ್ಲೇ ಆಗಬೇಕು. ಮೆಲನೋಮಾ ಗಡ್ಡೆಗಳೆಲ್ಲ ಕಪ್ಪಾಗಿರುವುದಿಲ್ಲ, ಬಣ್ಣವಿಲ್ಲದವೂ ಇರುತ್ತವೆ. ಅವು ಬೇರೆ ಕ್ಯಾನ್ಸರ್‌ಗಳಂತೆ ತೋರಬಹುದು. ಮೆಲನೋಮಾದ ಗುರುತುಗಳನ್ನು ತೋರಿಸುವ ವಿಶೇಷ ಬಣ್ಣಗಳಿಂದ ಅಂಗಾಂಶವನ್ನು ಪರೀಕ್ಷಿಸಿದಾಗ ಸತ್ಯ ಹೊರಬೀಳುತ್ತದೆ. ಇಲ್ಲಿಯೂ ಹಳೆಯ ಮಚ್ಚೆಯ ಮಾಹಿತಿ ಪ್ರಯೋಗಾಲಯದ ತಜ್ಞರಿಗೆ ತಲುಪಿದ್ದರೆ ಕೆಲಸ ಸುಲಭ.

ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವುಂಟೇ?

ಆಸ್ಪತ್ರೆ ಸೇರಿದ ಕೂಡಲೇ ಬಾಯಿಯ ಆಹಾರ ನಿಲ್ಲಿಸಿ, ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ ತುಂಬಿಕೊಂಡದ್ದನ್ನು ಹೊರತೆಗೆಯಲಾಗುತ್ತದೆ. ರಕ್ತನಾಳದ ಮೂಲಕ ದ್ರವ ಮತ್ತು ಲವಣ ಕೊಡಲಾಗುತ್ತದೆ. ನಂತರದ ಹೆಜ್ಜೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ. ಗಡ್ಡೆಯಿರುವ ಕರುಳಿನ ಭಾಗವನ್ನು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಜೋಡಿಸುತ್ತಾರೆ. ಗಡ್ಡೆಗಳು ಹಲವು ಇರುವುದು ಸಾಮಾನ್ಯವಾದ್ದರಿಂದ ಶಸ್ತ್ರವೈದ್ಯರು ಕರುಳನ್ನು ಉದ್ದಕ್ಕೂ ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ.

ಹರಡಿದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿ ಏನು ಫಲ ಎಂದು ಮನೆಯವರು ಕೈಚೆಲ್ಲುವುದುಂಟು. ಆದರೆ ಅಡಚಣೆ ನೀಗಿದರೆ ರೋಗಿ ಮತ್ತೆ ಉಣ್ಣಬಲ್ಲ, ನೋವಿನಿಂದ ಬಿಡುಗಡೆ ಪಡೆಯಬಲ್ಲ. ಕೆಲವರ ಆಯಸ್ಸೂ ಹೆಚ್ಚುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಜಾನ್ ವೇಯ್ನ್ ಕ್ಯಾನ್ಸರ್ ಸಂಸ್ಥೆಯ ತಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಠರ ಮತ್ತು ಕರುಳಿಗೆ ಹರಡಿದ ಮೆಲನೋಮಾದ ಕಾಣುವ ಗಡ್ಡೆಗಳನ್ನೆಲ್ಲ ಪೂರ್ಣವಾಗಿ ತೆಗೆಯಲು ಸಾಧ್ಯವಾದವರ ಮಧ್ಯಮ ಬದುಕುಳಿವಿನ ಅವಧಿ ಸುಮಾರು 49 ತಿಂಗಳು. ಪೂರ್ಣವಾಗಿ ತೆಗೆಯಲಾಗದವರಲ್ಲಿ ಅದು 5 ತಿಂಗಳ ಆಸುಪಾಸು. ಪೂರ್ಣ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದು ರೋಗ ಕಡಿಮೆ ಹರಡಿರುವವರಲ್ಲೇ ಆದ್ದರಿಂದ ಈ ವ್ಯತ್ಯಾಸದ ಯಶಸ್ಸೆಲ್ಲವೂ ಕತ್ತರಿಗೆ ಸೇರಿದ್ದಲ್ಲ. ಆದರೂ ಬೇಗ ಪತ್ತೆಯಾದಷ್ಟೂ ಅವಕಾಶ ಹೆಚ್ಚು ಎಂಬುದನ್ನು ಅದು ಹೇಳುತ್ತದೆ.

ಶಸ್ತ್ರಚಿಕಿತ್ಸೆ ತಾಳಿಕೊಳ್ಳಲಾಗದಷ್ಟು ರೋಗಿ ಕುಗ್ಗಿದ್ದರೆ, ರೋಗ ಎಲ್ಲೆಡೆ ಹಬ್ಬಿದ್ದರೆ ಉಪಶಮನ ಚಿಕಿತ್ಸೆಯ ದಾರಿಯಿದೆ. ನೋವು ಮತ್ತು ವಾಂತಿಯನ್ನು ತಗ್ಗಿಸುವ, ಕರುಳಿನ ಸ್ರಾವವನ್ನು ಕಡಿಮೆ ಮಾಡುವ ಔಷಧಗಳಿಂದ ಕೊನೆಯ ದಿನಗಳನ್ನು ನೆಮ್ಮದಿಯಾಗಿಸಲು ಸಾಧ್ಯ. 'ಇನ್ನೇನೂ ಮಾಡಲಾಗದು' ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಸ್ಥಾನವಿಲ್ಲ.

2011ರ ನಂತರ ಬದಲಾದ ಚಿತ್ರ

ಬಹುಕಾಲದವರೆಗೆ, ಹರಡಿದ ಮೆಲನೋಮಾ ಎಂದರೆ ವರ್ಷದೊಳಗಿನ ಸಾವು ಎಂಬ ಸ್ಥಿತಿಯಿತ್ತು. ಸಾಮಾನ್ಯ ಕೀಮೋಥೆರಪಿಗೆ ಅದು ಬಗ್ಗುತ್ತಿದ್ದುದು ಕಡಿಮೆ. 2011ರಲ್ಲಿ ಅಮೆರಿಕದಲ್ಲಿ ಇಪಿಲಿಮುಮ್ಯಾಬ್ ಔಷಧಕ್ಕೆ ಅನುಮತಿ ದೊರೆತ ಮೇಲೆ ಈ ಚಿತ್ರ ಬದಲಾಯಿತು. 2014ರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಬಂದವು. ಇವು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗನಿರೋಧಕ ಕೋಶಗಳಿಗೆ ಬಿದ್ದಿರುವ ತಡೆಯನ್ನು ಸಡಿಲಿಸಿ ಅವೇ ಕ್ಯಾನ್ಸರಿನ ಮೇಲೆರಗುವಂತೆ ಮಾಡುತ್ತವೆ. ಈ ತತ್ವವನ್ನು ಶೋಧಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡನ್ನೂ ಪಡೆದ ಮುಂದುವರಿದ ಹಂತದ ರೋಗಿಗಳಲ್ಲಿ ಶೇ. 43ರಷ್ಟು ಮಂದಿ 10 ವರ್ಷಗಳ ನಂತರವೂ ಬದುಕಿದ್ದರೆಂದು 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದ ವರದಿ ತಿಳಿಸಿದೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಯಕೃತ್ತು ಮತ್ತು ಮಿದುಳಿಗೆ ಹರಡಿದ ಮೆಲನೋಮಾ ಪತ್ತೆಯಾಗಿತ್ತು. ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಪೆಂಬ್ರೊಲಿಜುಮ್ಯಾಬ್ ಪಡೆದ ಅವರು 2024ರ ಡಿಸೆಂಬರ್‌ನಲ್ಲಿ ನಿಧನರಾದಾಗ ಅವರಿಗೆ 100 ವರ್ಷ.

ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನಿನ ಮಾರ್ಪಾಡಿದ್ದರೆ ಅದಕ್ಕೆಂದೇ ಇರುವ ಮಾತ್ರೆಗಳೂ ಇವೆ. ಪಾಶ್ಚಾತ್ಯರ ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಮಾರ್ಪಾಡು ಇರುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವ ಅಂಗಾಲು, ಉಗುರಿನ ಬಗೆಯಲ್ಲಿ ಅದು ಕಡಿಮೆ. ಹೊಸ ಔಷಧಗಳಿಗೆ ಸ್ಪಂದನೆಯೂ ಆ ಬಗೆಯಲ್ಲಿ ತುಸು ಕಡಿಮೆಯೇ. ಔಷಧಗಳು ದುಬಾರಿ ಎಂಬುದೂ ನಿಜ. ಈ ಕಾರಣಗಳಿಂದ ನಮ್ಮವರಿಗೆ ಆರಂಭದಲ್ಲೇ ಪತ್ತೆಯಾಗುವುದು ಇನ್ನಷ್ಟು ಮುಖ್ಯ.

ಮತ್ತೊಂದು ಎಚ್ಚರ: ತಡೆ ಸಡಿಲಿಸಿದ ರೋಗನಿರೋಧಕ ಕೋಶಗಳು ಕೆಲವೊಮ್ಮೆ ರೋಗಿಯ ಕರುಳಿನ ಮೇಲೆಯೇ ದಾಳಿ ಮಾಡುತ್ತವೆ. ಈ ಔಷಧ ಪಡೆಯುತ್ತಿರುವವರಲ್ಲಿ ತೀವ್ರ ಭೇದಿ, ಹೊಟ್ಟೆನೋವು ಕಾಣಿಸಿದರೆ ಅದು ಗಡ್ಡೆಯಿಂದಲೂ ಇರಬಹುದು, ಔಷಧದಿಂದಲೂ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ತಾವಾಗಿಯೇ ಭೇದಿ ನಿಲ್ಲಿಸುವ ಮಾತ್ರೆ ನುಂಗದೆ ಕೂಡಲೇ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕಾಣಬೇಕು.

ಚರ್ಮದಲ್ಲೇ ತಡೆಯುವ ದಾರಿ

ಕರುಳಿನವರೆಗೆ ಹೋಗುವ ಮುನ್ನ ಚರ್ಮದಲ್ಲೇ ರೋಗವನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ, ಅಗ್ಗ ಮತ್ತು ಫಲದಾಯಕ. ಮಚ್ಚೆಯ ಎರಡು ಅರ್ಧಗಳು ಒಂದರಂತೆ ಒಂದಿಲ್ಲದಿರುವುದು, ಅಂಚು ಹರಕುಮುರುಕಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, 6 ಮಿಲಿಮೀಟರ್‌ಗಿಂತ ಅಗಲವಾಗಿರುವುದು, ಕಾಲಕ್ರಮದಲ್ಲಿ ಬದಲಾಗುತ್ತಿರುವುದು ಸಂಶಯಕ್ಕೆ ಎಡೆಗೊಡುವ ಲಕ್ಷಣಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು.

ನಮ್ಮ ಜನ ವಿಶೇಷವಾಗಿ ಪಾದಗಳನ್ನು ನೋಡಿಕೊಳ್ಳಬೇಕು. ಅಂಗಾಲಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಕಲೆ, ವಾಸಿಯಾಗದ ಹುಣ್ಣು, ಒಂದೇ ಉಗುರಿನಲ್ಲಿ ಕಾಣಿಸಿಕೊಂಡು ಅಗಲವಾಗುತ್ತಿರುವ ಕಪ್ಪು ಗೆರೆ, ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹಬ್ಬುವುದು ಇವುಗಳನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕು. ಮುಳ್ಳು ಚುಚ್ಚಿದ ಗಾಯ, ಆಣಿ, ಉಗುರಿಗೆ ಪೆಟ್ಟು ಬಿದ್ದು ಕಟ್ಟಿದ ರಕ್ತ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದು ಅಪಾಯಕಾರಿ. ಮಚ್ಚೆಯನ್ನು ಸುಣ್ಣ ಹಚ್ಚಿ ಸುಡುವುದು, ದಾರ ಕಟ್ಟಿ ಉದುರಿಸುವುದು ಎಂದಿಗೂ ಕೂಡದು. ತೆಗೆದ ಮಚ್ಚೆ ಎಷ್ಟೇ ಚಿಕ್ಕದಾಗಿರಲಿ, ಅದನ್ನು ಬಯಾಪ್ಸಿ ಪರೀಕ್ಷೆಗೆ ಕಳುಹಿಸುವಂತೆ ಕೇಳಿಕೊಳ್ಳುವುದು ರೋಗಿಯ ಹಕ್ಕು.

ನೆನಪಿನಲ್ಲಿಡಬೇಕಾದ ಅಂಶಗಳು

* ಮಚ್ಚೆ ಅಥವಾ ಗಡ್ಡೆ ತೆಗೆಸಿದ್ದರೆ ಅದರ ಬಯಾಪ್ಸಿ ವರದಿಯನ್ನು ಜೀವಮಾನವಿಡೀ ಜೋಪಾನವಾಗಿಡಿ.

* ಯಾವುದೇ ಹೊಟ್ಟೆಯ ತೊಂದರೆಗೆ ವೈದ್ಯರ ಬಳಿ ಹೋದಾಗ, ಅವರು ಕೇಳದಿದ್ದರೂ, ಹಿಂದೆ ಮೆಲನೋಮಾ ಇದ್ದುದನ್ನು ತಿಳಿಸಿ. 10 ವರ್ಷ ಕಳೆದಿದ್ದರೂ ತಿಳಿಸಿ.

* ಮೆಲನೋಮಾ ಇದ್ದವರಲ್ಲಿ ಕಾರಣ ತಿಳಿಯದ ರಕ್ತಹೀನತೆ, ಕಪ್ಪು ಮಲ, ಬಂದು ಹೋಗುವ ಹೊಟ್ಟೆನೋವು ಕಂಡರೆ ಸಣ್ಣ ಕರುಳಿನ ಪರೀಕ್ಷೆ ಅಗತ್ಯವೇ ಎಂದು ವಿಚಾರಿಸಿ.

* ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ವಾಯು ನಿಲ್ಲುವುದು ಒಟ್ಟಿಗೆ ಕಂಡರೆ ಅದು ತುರ್ತು ಸ್ಥಿತಿ. ಬೆಳಗಾಗಲಿ ಎಂದು ಕಾಯಬೇಡಿ.

* ಬಹುಪಾಲು ಹೊಟ್ಟೆನೋವಿಗೂ ಮಚ್ಚೆಗೂ ಸಂಬಂಧವಿರುವುದಿಲ್ಲ. ಅನಗತ್ಯ ಭಯ ಬೇಡ. ಹಳೆಯ ಕಾಯಿಲೆಯ ವಿಷಯ ಮುಚ್ಚಿಡುವುದೂ ಬೇಡ.